‘ಸ್ಟಾರ್ಟ್’ ಒಂದೇ ಸಾಕೇ? ಇಂಗ್ಲಿಷಿನಲ್ಲಿ ಶುರು ಮಾಡುವ ಬಗೆಗಳು

ಪ್ರಶ್ನೆ: ಕಚೇರಿಯಲ್ಲಿ ದಿನವೂ ಇಂಗ್ಲಿಷಿನಲ್ಲಿ ಮೇಲ್ ಬರೆಯುತ್ತೇನೆ. ಯಾವುದೇ ಕೆಲಸ ಶುರುವಾಯಿತು ಎಂದು ಹೇಳಬೇಕಾದರೂ ‘ಸ್ಟಾರ್ಟ್’ ಬಿಟ್ಟು ಬೇರೆ ಪದ ಹೊಳೆಯುವುದಿಲ್ಲ. ಜೊತೆಯವರು ‘ಕಮೆನ್ಸ್’, ‘ಇನಿಶಿಯೇಟ್’, ‘ಕಿಕ್ ಆಫ್’ ಎಂದೆಲ್ಲ ಬರೆಯುತ್ತಾರೆ. ನನ್ನ ಇಂಗ್ಲಿಷ್ ಬಡವಾಗಿದೆ ಅನಿಸುತ್ತದೆ. ‘ಬಿಗಿನ್’ಗೂ ‘ಸ್ಟಾರ್ಟ್’ಗೂ ನಿಜಕ್ಕೂ ವ್ಯತ್ಯಾಸ ಇದೆಯೇ? ಇನ್ನೊಂದು ಸಂದೇಹ. ‘ದ ಟ್ರೈನಿಂಗ್ ವಿಲ್ ಬಿ ಸ್ಟಾರ್ಟೆಡ್ ಫ್ರಮ್ ಮಂಡೇ’ ಎಂದು ಬರೆದಿದ್ದೆ. ಮೇಲಿನವರು ತಿದ್ದಿದರು, ಆದರೆ ಏಕೆ ಎಂದು ಹೇಳಲಿಲ್ಲ. ಏನು ತಪ್ಪು?

ಉತ್ತರ: ಮೊದಲಿಗೆ ‘ಸ್ಟಾರ್ಟ್’ ಪದದ ಪರ ವಕಾಲತ್ತು ವಹಿಸುತ್ತೇನೆ. ಅದು ಬಡ ಪದವಲ್ಲ. ಇಂಗ್ಲಿಷ್ ಮನೆಮಾತಾಗಿರುವವರು ದಿನನಿತ್ಯ ಅತಿ ಹೆಚ್ಚು ಬಳಸುವ ಪದಗಳಲ್ಲಿ ಅದೂ ಒಂದು. ಅದನ್ನು ಕಿತ್ತು ಆ ಜಾಗದಲ್ಲಿ ‘ಕಮೆನ್ಸ್’ ನೆಟ್ಟರೆ ಮೇಲ್ ಶ್ರೀಮಂತವಾಗುವುದಿಲ್ಲ, ಬಿಗಿದುಕೊಳ್ಳುತ್ತದೆ. ನಿಮ್ಮ ಆ ವಾಕ್ಯದಲ್ಲಿ ‘ಸ್ಟಾರ್ಟ್’ ಸರಿಯಾಗಿಯೇ ಇತ್ತು. ತಪ್ಪಿದ್ದು ಅದರ ಅಕ್ಕಪಕ್ಕದ ಪುಟ್ಟ ಪದಗಳು: ಹಿಂದಿನ ‘ಬಿ’ ಮತ್ತು ಮುಂದಿನ ‘ಫ್ರಮ್’. ಕನ್ನಡಿಗರು ಈ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಅಲ್ಲೇ. ಹಾಗಾಗಿ ದೊಡ್ಡ ಪದಗಳ ಪಟ್ಟಿಗೆ ಹೋಗುವ ಮೊದಲು ಈ ಎರಡನ್ನು ಮುಗಿಸಿಬಿಡೋಣ.

ಕನ್ನಡದಲ್ಲಿ ‘ಶುರುವಾಗು’ ಬೇರೆ, ‘ಶುರುಮಾಡು’ ಬೇರೆ. ಸಭೆ ಶುರುವಾಯಿತು, ಅಧ್ಯಕ್ಷರು ಸಭೆ ಶುರುಮಾಡಿದರು. ಇಂಗ್ಲಿಷಿಗೆ ಈ ಭೇದವಿಲ್ಲ. ಎರಡಕ್ಕೂ ಒಂದೇ ‘ಸ್ಟಾರ್ಟ್’. ‘ದ ಮೀಟಿಂಗ್ ಸ್ಟಾರ್ಟೆಡ್’ ಅಂದರೂ ಸರಿ, ‘ಶಿ ಸ್ಟಾರ್ಟೆಡ್ ದ ಮೀಟಿಂಗ್’ ಅಂದರೂ ಸರಿ. ಆದರೆ ನಮ್ಮ ಮನಸ್ಸು ‘ಆಗು’ ಎಂಬುದಕ್ಕೆ ಇಂಗ್ಲಿಷಿನಲ್ಲೂ ಏನೋ ಒಂದನ್ನು ಹುಡುಕುತ್ತದೆ. ಸಿಗುವುದು ‘ವಾಸ್’, ‘ಇಸ್’, ‘ಬಿ’. ‘ದ ಮೂವಿ ಇಸ್ ಸ್ಟಾರ್ಟೆಡ್’, ‘ದ ಕ್ಲಾಸ್ ವಾಸ್ ಸ್ಟಾರ್ಟೆಡ್ ಅಟ್ ಟೆನ್’ ಮುಂತಾದ ವಾಕ್ಯಗಳು ಹುಟ್ಟುವುದು ಹೀಗೆ. ಸಿನಿಮಾ ತಾನಾಗಿಯೇ ಶುರುವಾಗುತ್ತದೆ ಎಂದು ಇಂಗ್ಲಿಷ್ ನಂಬುತ್ತದೆ. ‘ದ ಮೂವಿ ಹ್ಯಾಸ್ ಸ್ಟಾರ್ಟೆಡ್’ ಅಷ್ಟೇ ಸಾಕು. ಹಾಗಾದರೆ ‘ವಾಸ್ ಸ್ಟಾರ್ಟೆಡ್’ ಎಂದೂ ಬರುವುದೇ ಇಲ್ಲವೇ? ಬರುತ್ತದೆ, ಯಾರು ಶುರುಮಾಡಿದರು ಎಂಬುದು ಮುಖ್ಯವಾದಾಗ. ‘ದ ಫೈರ್ ವಾಸ್ ಸ್ಟಾರ್ಟೆಡ್ ಬೈ ಎ ಸಿಗರೆಟ್’ ಎಂದರೆ ಬೆಂಕಿಗೆ ಕಾರಣ ಸಿಗರೇಟು. ಒಂದು ಶಾಲೆಯನ್ನು ಇಂಥವರು ಕಟ್ಟಿದರು ಎನ್ನುವಾಗಲೂ ಅದು ಸಲ್ಲುತ್ತದೆ. ತರಬೇತಿಯನ್ನು ಯಾರು ಶುರುಮಾಡುತ್ತಾರೆ ಎಂಬುದು ನಿಮ್ಮ ಇ-ಮೇಲ್ ಹೇಳಹೊರಟ ವಿಷಯವಾಗಿರಲಿಲ್ಲವಲ್ಲ, ಹಾಗಾಗಿ ಅಲ್ಲಿ ‘ಬಿ’ ಬೇಡ.

ಇನ್ನು ‘ಫ್ರಮ್’. ‘ಸೋಮವಾರದಿಂದ ಶುರು’ ಎನ್ನುವುದು ನಮಗೆ ಸಹಜ. ಆ ‘ಇಂದ’ವನ್ನು ‘ಫ್ರಮ್’ ಮಾಡಿಬಿಡುತ್ತೇವೆ. ಇಂಗ್ಲಿಷಿನ ಲೆಕ್ಕ ಬೇರೆ. ಶುರುವಾಗುವುದು ಒಂದು ಬಿಂದುವಿನಲ್ಲಿ ನಡೆಯುವ ಘಟನೆ. ಅದು ಸೋಮವಾರ ನಡೆದು ಮುಗಿಯುತ್ತದೆ, ಮಂಗಳವಾರಕ್ಕೂ ಎಳೆದುಕೊಂಡು ಹೋಗುವುದಿಲ್ಲ. ಹಾಗಾಗಿ ದಿನವಾದರೆ ‘ಆನ್ ಮಂಡೇ’, ಗಂಟೆಯಾದರೆ ‘ಅಟ್ ಟೆನ್’, ತಿಂಗಳಾದರೆ ‘ಇನ್ ಜೂನ್’. ‘ದ ಟ್ರೈನಿಂಗ್ ವಿಲ್ ಸ್ಟಾರ್ಟ್ ಆನ್ ಮಂಡೇ’ ಎಂದರೆ ಆಯಿತು. ಅದಕ್ಕಿಂತ ಚಿಕ್ಕದೂ ಇದೆ. ವೇಳಾಪಟ್ಟಿಯಲ್ಲಿ ನಿಗದಿಯಾದದ್ದಕ್ಕೆ ಇಂಗ್ಲಿಷ್ ವರ್ತಮಾನ ಕಾಲವನ್ನೇ ಬಳಸುತ್ತದೆ: ‘ದ ಟ್ರೈನಿಂಗ್ ಸ್ಟಾರ್ಟ್ಸ್ ಆನ್ ಮಂಡೇ’. ಅಲ್ಲಿಂದಾಚೆಗೆ ಮುಂದುವರಿಯುವ ವ್ಯವಸ್ಥೆಯನ್ನು ಹೇಳುವಾಗ ಮಾತ್ರ ‘ಫ್ರಮ್’ ಬೇಕು, ಆಗ ‘ಸ್ಟಾರ್ಟ್’ ಬೇಡ: ‘ಫ್ರಮ್ ಮಂಡೇ, ದ ಆಫೀಸ್ ವಿಲ್ ಓಪನ್ ಅಟ್ ನೈನ್’. ಹೊರಡುವ ಜಾಗ ಹೇಳುವಾಗ ಮತ್ತು ಬೆಲೆಯ ಕೆಳಮಿತಿ ಹೇಳುವಾಗ ‘ಸ್ಟಾರ್ಟ್ ಫ್ರಮ್’ ಆರಾಮಾಗಿ ನಿಲ್ಲುತ್ತದೆ. ದಿನಾಂಕದ ಜೊತೆಗೆ ಮಾತ್ರ ಅದನ್ನು ದೂರವಿಡಿ.

ಇದೇ ಜಾತಿಯ ಮೂರನೆಯದೊಂದಿದೆ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಸ್ಟಾರ್ಟಿಂಗ್‌ನಲ್ಲಿ ಭಯ ಆಗ್ತಿತ್ತು’ ಎಂದು ನಾವೆಲ್ಲ ಮಾತಾಡುತ್ತೇವೆ. ಕನ್ನಡದೊಳಗೆ ಆ ‘ಸ್ಟಾರ್ಟಿಂಗ್’ ಹಾಯಾಗಿ ಬದುಕಿಕೊಳ್ಳಲಿ. ಆದರೆ ಅದನ್ನೇ ಇಂಗ್ಲಿಷಿಗೆ ಮರಳಿ ಒಯ್ದು ‘ಇನ್ ದ ಸ್ಟಾರ್ಟಿಂಗ್ ಐ ವಾಸ್ ಅಫ್ರೇಡ್’ ಎಂದರೆ ಕೇಳುವವರು ಒಂದು ಕ್ಷಣ ತಡವರಿಸುತ್ತಾರೆ. ಅಲ್ಲಿಗೆ ‘ಅಟ್ ಫಸ್ಟ್’ ಬೇಕು. ‘ಫ್ರಮ್ ಸ್ಟಾರ್ಟಿಂಗ್’ ಎನ್ನುವ ಕಡೆ ‘ಫ್ರಮ್ ದ ಬಿಗಿನಿಂಗ್’ ಅಥವಾ ‘ಫ್ರಮ್ ದ ಸ್ಟಾರ್ಟ್’.

‘ಅಟ್ ಫಸ್ಟ್’ ಬಂದದ್ದರಿಂದ ಒಂದು ಮಾತು. ಇದಕ್ಕೂ ‘ಫಸ್ಟ್’ಗೂ ದೂರದ ನಂಟು ಮಾತ್ರ. ‘ಫಸ್ಟ್’ ಎಂದರೆ ಸಾಲಿನಲ್ಲಿ ಮೊದಲನೆಯದು. ಅದರ ಹಿಂದೆ ಎರಡನೆಯದು ಬರುತ್ತದೆ. ‘ಅಟ್ ಫಸ್ಟ್’ ಎಂದರೆ ಆರಂಭದಲ್ಲಿ ಹೀಗಿತ್ತು, ಆಮೇಲೆ ಬದಲಾಯಿತು. ‘ಅಟ್ ಫಸ್ಟ್ ಐ ಲೈಕ್ಡ್ ದ ಜಾಬ್’ ಎಂದು ನೀವು ಬರೆದರೆ ಓದುವವರು ‘ಈಗ ಬೇಸರ ಬಂದಿದೆ’ ಎಂದು ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ನೀವು ಹಾಗೆ ಹೇಳಲು ಹೊರಟಿರದಿದ್ದರೆ ಪೇಚಾಟ. ‘ಇನಿಶಿಯಲಿ’, ‘ಒರಿಜಿನಲಿ’ ಕೂಡ ಹೀಗೆಯೇ ಮುಂದಿನ ಬದಲಾವಣೆಯ ವಾಸನೆ ಹೊತ್ತು ಬರುತ್ತವೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ‘ಬಿಗಿನ್’, ‘ಸ್ಟಾರ್ಟ್’ ಎರಡೂ ಹಳೆಯ ಇಂಗ್ಲಿಷಿನವು, ಫ್ರೆಂಚಿನಿಂದಲೋ ಲ್ಯಾಟಿನ್ನಿನಿಂದಲೋ ಬಂದ ಸಾಲಗಳಲ್ಲ. ಆದರೆ ಹುಟ್ಟುಗುಣ ಬೇರೆ. ‘ಬಿಗಿನ್’ ಮೊದಲಿನಿಂದಲೂ ತೊಡಗುವುದನ್ನೇ ಸೂಚಿಸುತ್ತಿತ್ತು. ‘ಸ್ಟಾರ್ಟ್’ಗೆ ಮೂಲದಲ್ಲಿ ನೆಗೆಯುವುದು, ಥಟ್ಟನೆ ಚಿಮ್ಮುವುದು ಎಂಬ ಅರ್ಥ, ಶುರುಮಾಡುವುದು ಎಂಬ ಅರ್ಥ ಅದಕ್ಕೆ ಎಷ್ಟೋ ಕಾಲದ ನಂತರ ಅಂಟಿತು. ಬೆಚ್ಚಿಬೀಳಿಸುವುದಕ್ಕೆ ‘ಸ್ಟಾರ್ಟಲ್’ ಎನ್ನುತ್ತಾರಲ್ಲ, ಅದು ಇದರದೇ ಕುಲ. ‘ಹಿ ವೋಕ್ ವಿತ್ ಎ ಸ್ಟಾರ್ಟ್’ ಎಂದರೆ ಬೆಚ್ಚಿ ಎದ್ದ ಎಂದು. ನಿನ್ನೆ ಮೊನ್ನೆ ಮೇಲೆದ್ದು ಮೆರೆಯುವವನನ್ನು ‘ಅಪ್‌ಸ್ಟಾರ್ಟ್’ ಎಂದು ಹಂಗಿಸುವುದರಲ್ಲೂ ಆ ಹಳೆಯ ನೆಗೆತ ಉಳಿದಿದೆ.

ಈ ಚಿಮ್ಮುವ ಗುಣ ಇಂದಿಗೂ ಕೆಲಸ ಮಾಡುತ್ತಿದೆ. ನಿಂತದ್ದು ಚಲಿಸಬೇಕಾದ ಕಡೆಯೆಲ್ಲ ‘ಸ್ಟಾರ್ಟ್’ ಮಾತ್ರ ಒಪ್ಪುತ್ತದೆ. ಎಂಜಿನ್ನು, ಕಾರು, ಪಂಪು, ಯಂತ್ರ ಯಾವುದನ್ನೂ ‘ಬಿಗಿನ್’ ಮಾಡಲಾಗದು. ‘ದ ಕಾರ್ ವೋಂಟ್ ಸ್ಟಾರ್ಟ್’ ಎನ್ನಬೇಕು. ಪ್ರಯಾಣ ಹೊರಡುವುದಕ್ಕೂ ‘ಸ್ಟಾರ್ಟ್’: ‘ವಿ ಶುಡ್ ಸ್ಟಾರ್ಟ್ ಅರ್ಲಿ’ ಎಂದರೆ ಬೆಳಗ್ಗೆ ಬೇಗ ಹೊರಡಬೇಕು. ವ್ಯಾಪಾರ, ಕಂಪನಿ, ಜಗಳ, ವದಂತಿ ಇವೂ ‘ಸ್ಟಾರ್ಟ್’ ಆಗುವಂಥವೇ. ‘ಸ್ಟಾರ್ಟ್ ಎ ಫ್ಯಾಮಿಲಿ’ ಎಂದರೆ ಮದುವೆಯಾಗುವುದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅಲ್ಲ, ಮೊದಲ ಮಗುವನ್ನು ಪಡೆಯುವುದು. ಗೊಣಗಲು ಬಾಯಿ ತೆರೆದವರಿಗೆ ‘ಡೋಂಟ್ ಸ್ಟಾರ್ಟ್!’ ಎಂದರೆ ‘ಶುರು ಹಚ್ಚಬೇಡ’ ಎಂಬ ನಮ್ಮ ಮಾತಿನದೇ ಖಾರ.

‘ಬಿಗಿನ್’ ಇದಕ್ಕಿಂತ ನಿಧಾನಿ, ತುಸು ಗಂಭೀರ. ಮಾತು, ಬರಹ, ಪಾಠ, ವಿಧಿ ಇಂಥವಕ್ಕೆ ಒಗ್ಗುತ್ತದೆ. ಕತೆಗಳಲ್ಲಿ ಪಾತ್ರವೊಂದು ಮಾತು ತೆಗೆದಾಗ ‘ಹಿ ಬಿಗ್ಯಾನ್’ ಎಂದು ಬರೆಯುತ್ತಾರೆಯೇ ಹೊರತು ‘ಹಿ ಸ್ಟಾರ್ಟೆಡ್’ ಎಂದು ಬರೆಯುವುದು ಅಪರೂಪ. ‘ವೆಲ್ ಬಿಗನ್ ಇಸ್ ಹಾಫ್ ಡನ್’, ‘ಚಾರಿಟಿ ಬಿಗಿನ್ಸ್ ಅಟ್ ಹೋಮ್’ ಎಂಬ ಎರಡು ಹೆಸರಾಂತ ಗಾದೆಗಳೂ ಇದರ ಪಾಲಿಗೇ ಬಂದಿವೆ. ಊಹಿಸಲೂ ಆಗದು ಎನ್ನುವುದಕ್ಕೆ ‘ಐ ಕಾಂಟ್ ಬಿಗಿನ್ ಟು ಇಮ್ಯಾಜಿನ್’ ಎಂಬ ಚೆಂದದ ಬಳಕೆ ಇದೆ. ಅಲ್ಲಿ ‘ಸ್ಟಾರ್ಟ್’ ಕೂರುವುದಿಲ್ಲ. ಇವಿಷ್ಟು ಬಿಟ್ಟರೆ ಕೆಲಸ, ಸಭೆ, ಮಳೆ, ಚಿತ್ರ, ಶಾಲೆ ಎಲ್ಲಕ್ಕೂ ಎರಡರಲ್ಲಿ ಯಾವುದನ್ನು ಬಳಸಿದರೂ ಯಾರೂ ಹುಬ್ಬೇರಿಸುವುದಿಲ್ಲ. ವ್ಯತ್ಯಾಸ ಇದ್ದೇ ಇರಬೇಕೆಂದು ಇಲ್ಲದ ಸೂಕ್ಷ್ಮವನ್ನು ಹುಡುಕಿ ತಲೆಬಿಸಿ ಮಾಡಿಕೊಳ್ಳಬೇಡಿ.

ರೂಪಗಳಲ್ಲಿ ಮಾತ್ರ ಎಚ್ಚರ ಬೇಕು. ‘ಸ್ಟಾರ್ಟ್’ ಸಾಧು ಪ್ರಾಣಿ, ‘ಸ್ಟಾರ್ಟೆಡ್’ ಒಂದೇ ಭೂತಕಾಲ. ‘ಬಿಗಿನ್’ ಮೂರು ಮುಖದ್ದು: ಬಿಗಿನ್, ಬಿಗ್ಯಾನ್, ಬಿಗನ್. ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಜೊತೆಗೆ ಬರುವುದು ಕೊನೆಯದು. ‘ದ ಎಕ್ಸಾಮ್ ಹ್ಯಾಸ್ ಬಿಗ್ಯಾನ್’ ತಪ್ಪು, ‘ಹ್ಯಾಸ್ ಬಿಗನ್’ ಸರಿ. ಬರೆಯುವಾಗ ‘ಬಿಗಿನಿಂಗ್’ನಲ್ಲಿ ‘ಇಂಗ್’ಗೆ ಮೊದಲಿನ ಎನ್ ಇಮ್ಮಡಿಯಾಗುತ್ತದೆ, ‘ಸ್ಟಾರ್ಟಿಂಗ್’ನಲ್ಲಿ ‘ಇಂಗ್’ಗೆ ಮೊದಲಿನ ಟಿ ಇಮ್ಮಡಿಯಾಗುವುದಿಲ್ಲ.

ಇವುಗಳ ಮುಂದೆ ಇನ್ನೊಂದು ಕ್ರಿಯಾಪದ ಬಂದರೆ ‘ಟು’ ಹಾಕಬೇಕೋ ‘ಇಂಗ್’ ಹಾಕಬೇಕೋ? ‘ಇಟ್ ಸ್ಟಾರ್ಟೆಡ್ ಟು ರೇನ್’, ‘ಇಟ್ ಸ್ಟಾರ್ಟೆಡ್ ರೇನಿಂಗ್’ ಎರಡೂ ಸರಿ, ಅರ್ಥವೂ ಒಂದೇ. ಆದರೆ ಮೂರು ಕಡೆ ಆಯ್ಕೆ ನಿಮ್ಮ ಕೈಲಿಲ್ಲ. ಮೊದಲ ಕ್ರಿಯೆಯೇ ‘ಇಂಗ್’ ರೂಪದಲ್ಲಿದ್ದರೆ ಎರಡನೆಯದಕ್ಕೆ ‘ಟು’ ಕೊಡಿ: ‘ಇಟ್ ಇಸ್ ಸ್ಟಾರ್ಟಿಂಗ್ ಟು ರೇನ್’. ಎರಡು ‘ಇಂಗ್’ ಬೆನ್ನು ಬೆನ್ನಿಗೆ ಬಂದರೆ ಕಿವಿಗೆ ಕಿರಿಕಿರಿ. ಅರಿವು, ತಿಳಿವು, ನಂಬಿಕೆಯ ಕ್ರಿಯೆಗಳಿಗೂ ‘ಟು’: ‘ಐ ಬಿಗ್ಯಾನ್ ಟು ಅಂಡರ್‌ಸ್ಟ್ಯಾಂಡ್’. ಇನ್ನು ಶುರುಮಾಡಿ ಅಲ್ಲೇ ತಡೆದು ನಿಂತದ್ದಕ್ಕೂ ‘ಟು’ವೇ ಚೆನ್ನ. ‘ಶಿ ಸ್ಟಾರ್ಟೆಡ್ ಟು ಸ್ಪೀಕ್, ಬಟ್ ಸ್ಟಾಪ್ಡ್’ ಎಂದರೆ ಮಾತು ಬಾಯಿಗೆ ಬಂದು ಅಲ್ಲೇ ನಿಂತಿತು. ‘ಸ್ಟಾರ್ಟೆಡ್ ಸ್ಪೀಕಿಂಗ್’ ಎಂದಿದ್ದರೆ ಒಂದಿಷ್ಟು ಮಾತಾಡಿಯೇ ಬಿಟ್ಟಳು ಎಂಬ ಭಾವ. ಯಾವ ವಿಧಾನದಿಂದ ಶುರುಮಾಡಿದಿರಿ ಎನ್ನುವುದಕ್ಕೆ ‘ಬೈ’ ಬರುತ್ತದೆ, ಯಾವ ವಸ್ತುವಿನಿಂದ ಎನ್ನುವುದಕ್ಕೆ ‘ವಿತ್’: ‘ಲೆಟ್ ಮಿ ಸ್ಟಾರ್ಟ್ ಬೈ ಥ್ಯಾಂಕಿಂಗ್ ಯು’, ‘ಲೆಟ್ಸ್ ಸ್ಟಾರ್ಟ್ ವಿತ್ ದ ಬಜೆಟ್’.

ನಿಮ್ಮ ಜೊತೆಯವರ ‘ಕಮೆನ್ಸ್’ಗೆ ಈಗ ಬರೋಣ. 1066ರಲ್ಲಿ ಫ್ರೆಂಚ್ ಮಾತಾಡುತ್ತಿದ್ದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ಕೋರ್ಟು, ಆಡಳಿತದಲ್ಲಿ ಫ್ರೆಂಚ್ ಬಂದು ಕೂತಿತು. ಮನೆ ಹೊಲಗಳಲ್ಲಿ ‘ಬಿಗಿನ್’ ಉಳಿಯಿತು, ಕಾಗದಪತ್ರಗಳಿಗೆ ‘ಕಮೆನ್ಸ್’ ಬಂತು. ಇದು ನಮಗೆ ಅಪರಿಚಿತ ಸ್ಥಿತಿಯೇನಲ್ಲ. ಅಡುಗೆಮನೆಯಲ್ಲಿ ‘ಶುರು’, ಆಮಂತ್ರಣ ಪತ್ರಿಕೆಯಲ್ಲಿ ‘ಪ್ರಾರಂಭ’, ವರದಿಯಲ್ಲಿ ‘ಚಾಲನೆ ನೀಡಲಾಯಿತು’. ಊಟಕ್ಕೆ ಕೂತವರಿಗೆ ‘ಪ್ರಾರಂಭಿಸಿ’ ಎಂದರೆ ನಗು ಬರುತ್ತದೆ. ‘ಕಮೆನ್ಸ್’ ಇಂಗ್ಲಿಷಿನ ‘ಪ್ರಾರಂಭಿಸು’. ಕರಾರುಪತ್ರ, ಕಾಯ್ದೆ, ಟೆಂಡರು, ಅಧಿಕೃತ ಪ್ರಕಟಣೆ ಅದರ ಮನೆ. ಕಾಯ್ದೆಯೊಂದು ಜಾರಿಗೆ ಬರುವುದಕ್ಕೆ ‘ಕಮೆನ್ಸ್‌ಮೆಂಟ್’ ಎನ್ನುತ್ತಾರೆ. ಅದೇ ಪದ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪದವಿಪ್ರದಾನ ಸಮಾರಂಭದ ಹೆಸರು. ಓದು ಮುಗಿದ ದಿನಕ್ಕೆ ‘ಆರಂಭ’ ಎಂಬ ಹೆಸರು ಕೇಳಿ ಗಲಿಬಿಲಿಯಾಗುವವರು ಬಹಳ. ವ್ಯಾಕರಣದ ಒಂದು ತೊಡಕೂ ಇದೆ: ಇಂದಿನ ಶಿಷ್ಟ ಬರಹದಲ್ಲಿ ‘ಕಮೆನ್ಸ್’ ಮುಂದೆ ‘ಟು’ ಬರುವುದಿಲ್ಲ. ‘ವರ್ಕ್ ವಿಲ್ ಕಮೆನ್ಸ್’, ‘ವಿ ವಿಲ್ ಕಮೆನ್ಸ್ ವರ್ಕ್’ ಸರಿ. ‘ವಿ ವಿಲ್ ಕಮೆನ್ಸ್ ಟು ವರ್ಕ್’ ಬೇಡ. ಸಹೋದ್ಯೋಗಿಗೆ ಬರೆಯುವ ನಾಲ್ಕು ಸಾಲಿನ ಮೇಲಿಗೆ ನನ್ನ ಮಟ್ಟಿಗಂತೂ ಈ ಪದ ಬೇಡವೇ ಬೇಡ.

‘ಇನಿಶಿಯೇಟ್’ ಇದರ ದಾಯಾದಿ. ಎರಡರ ಮೂಲವೂ ‘ಇನಿಶಿಯಮ್’ ಎಂಬ ಲ್ಯಾಟಿನ್ ಪದ. ಅದರೊಳಗೆ ಇರುವುದು ‘ಒಳಗೆ ಹೋಗುವುದು’ ಎಂಬ ಅರ್ಥ. ಹೆಸರಿನ ಮುಂದೆ ಬರೆದುಕೊಳ್ಳುವ ‘ಇನಿಶಿಯಲ್’ ಕೂಡ ಅಲ್ಲಿಂದಲೇ. ಒಬ್ಬರನ್ನು ಪಂಥಕ್ಕೋ ಗುಟ್ಟಿನ ಕೂಟಕ್ಕೋ ದೀಕ್ಷೆ ಕೊಟ್ಟು ಸೇರಿಸಿಕೊಳ್ಳುವುದಕ್ಕೆ ‘ಇನಿಶಿಯೇಟ್’ ಎನ್ನುವುದು ಈ ಒಳಹೋಗುವ ಅರ್ಥಕ್ಕೆ ಹತ್ತಿರವಾದ ಬಳಕೆ. ಕಚೇರಿಯ ಬಳಕೆಯಲ್ಲಿ ಇದು ಹಲವು ಹಂತಗಳಿರುವ ಪ್ರಕ್ರಿಯೆಯೊಂದರ ಮೊದಲ ಹೆಜ್ಜೆ ಇಡುವುದು. ವಿಚಾರಣೆ, ಮಾತುಕತೆ, ಸುಧಾರಣೆ, ಹಣ ವಾಪಸಾತಿ ಇವನ್ನು ‘ಇನಿಶಿಯೇಟ್’ ಮಾಡಬಹುದು. ಸಿನಿಮಾ, ಪಾಠ, ಊಟ ಆಗದು. ಆನ್‌ಲೈನಿನಲ್ಲಿ ಕೊಂಡದ್ದನ್ನು ಹಿಂದಿರುಗಿಸಿದಾಗ ‘ರೀಫಂಡ್ ಇನಿಶಿಯೇಟೆಡ್’ ಎಂದು ಸಂದೇಶ ಬರುತ್ತದೆ. ಹಣ ಬಂತೆಂದು ಖಾತೆ ನೋಡಿದರೆ ಏನೂ ಇರುವುದಿಲ್ಲ. ಸಂದೇಶ ಸುಳ್ಳು ಹೇಳಿಲ್ಲ, ಮೊದಲ ಹೆಜ್ಜೆ ಇಟ್ಟಿದ್ದೇವೆ ಎಂದಷ್ಟೇ ಹೇಳಿದೆ. ಅಂಥ ಕಡೆ ಬುದ್ಧಿವಂತಿಕೆಯಿಂದ ಆರಿಸಿದ ಪದ ಅದು.

‘ಇನಾಗುರೇಟ್’ ಕೂಡ ಲ್ಯಾಟಿನ್ನೇ. ಪ್ರಾಚೀನ ರೋಮಿನಲ್ಲಿ ಹಕ್ಕಿಗಳ ಹಾರಾಟ ನೋಡಿ ಶಕುನ ಹೇಳುವ ಅರ್ಚಕರಿದ್ದರು, ಅವರನ್ನು ‘ಆಗರ್’ ಎನ್ನುತ್ತಿದ್ದರು. ಅವರು ಶಕುನ ನೋಡಿ ಒಪ್ಪಿದ ಮೇಲೆ ಅಧಿಕಾರ ವಹಿಸಿಕೊಳ್ಳುವುದೇ ಇದರ ಮೂಲ. ಹಕ್ಕಿಗಳು ಹೋದವು, ಸಮಾರಂಭ ಉಳಿಯಿತು. ಅಮೆರಿಕದ ಅಧ್ಯಕ್ಷರು ಅಧಿಕಾರ ಸ್ವೀಕರಿಸುವ ‘ಇನಾಗುರೇಶನ್’ 1937ರಿಂದ ಜನವರಿ 20ಕ್ಕೆ ನಡೆಯುತ್ತಿದೆ, ಅದಕ್ಕೂ ಮೊದಲು ಮಾರ್ಚ್ 4ಕ್ಕೆ ನಡೆಯುತ್ತಿತ್ತು. ವಿಧಿವಿಧಾನ, ಜನ, ಭಾಷಣ ಇದ್ದರೆ ಮಾತ್ರ ಈ ಪದ. ಸಣ್ಣ ಅಂಗಡಿಗೆ ‘ಓಪನ್ಡ್’ ಸಾಕು.

ಸಂಸ್ಥೆ ಹುಟ್ಟುಹಾಕುವುದಕ್ಕೆ ‘ಸೆಟ್ ಅಪ್’, ‘ಎಸ್ಟ್ಯಾಬ್ಲಿಶ್’, ‘ಫೌಂಡ್’ ಇವೆ. ಕೊನೆಯದು ಬಲೆ. ಸ್ಥಾಪಿಸು ಎಂಬ ‘ಫೌಂಡ್’ಗೆ ಭೂತಕಾಲ ‘ಫೌಂಡೆಡ್’. ಸಿಕ್ಕಿತು ಎಂಬ ‘ಫೌಂಡ್’ ಬೇರೆ, ಅದು ‘ಫೈಂಡ್’ನ ಭೂತಕಾಲ. ‘ಅವರ್ ಕಂಪನಿ ವಾಸ್ ಫೌಂಡ್ ಇನ್ 1998’ ಎಂದು ಜಾಲತಾಣದಲ್ಲಿ ಹಾಕಿಕೊಂಡರೆ, ಕಳೆದುಹೋಗಿದ್ದ ಕಂಪನಿ ಆ ವರ್ಷ ಸಿಕ್ಕಿತು ಎಂದಾಗುತ್ತದೆ.

ಇಂಗ್ಲಿಷ್ ನಿಜವಾಗಿ ಶ್ರೀಮಂತವಾಗಿರುವುದು ಈ ಗತ್ತಿನ ಪದಗಳಲ್ಲಿ ಅಲ್ಲ, ಏನು ಶುರುವಾಗುತ್ತಿದೆ ಎಂಬುದನ್ನು ನೋಡಿ ಬದಲಾಗುವ ಪುಟ್ಟ ಜೋಡಿಪದಗಳಲ್ಲಿ. ಪದಸಂಪತ್ತು ಬೆಳೆಸಬೇಕೆಂದಿದ್ದರೆ ನಿಮ್ಮ ಶ್ರಮವನ್ನು ಇಲ್ಲಿ ಹಾಕಿ ಎಂದು ಹೇಳುತ್ತೇನೆ.

ಬೇಡದ್ದು, ಭಯಂಕರವಾದದ್ದು ಥಟ್ಟನೆ ಸ್ಫೋಟಿಸಿದರೆ ‘ಬ್ರೇಕ್ ಔಟ್’: ಯುದ್ಧ, ಬೆಂಕಿ, ಸಾಂಕ್ರಾಮಿಕ, ಹೊಡೆದಾಟ. 1939ರಲ್ಲಿ ಎರಡನೇ ಮಹಾಯುದ್ಧ ‘ಬ್ರೋಕ್ ಔಟ್’. ಬೇಡದ್ದು ನಿಧಾನವಾಗಿ ಬಂದು ಬೇರೂರಿದರೆ ‘ಸೆಟ್ ಇನ್’: ಚಳಿಗಾಲ, ಸೋಂಕು, ಕೊಳೆತ, ನಿರಾಶೆ. ಮದುವೆಯ ಸಂಭ್ರಮ ‘ಸೆಟ್ ಇನ್’ ಆಗುವುದಿಲ್ಲ. ಬಂದು ಝಾಂಡಾ ಊರಿ ಸುಲಭಕ್ಕೆ ಹೋಗದ್ದಕ್ಕೇ ಆ ಪದ. ಇವೆರಡರ ಅರ್ಥಕ್ಕೆ ಹೊಂದುವ ನಾಮಪದಗಳು ‘ಔಟ್‌ಬ್ರೇಕ್’ ಮತ್ತು ‘ಆನ್‌ಸೆಟ್’. ಮೊದಲನೆಯದನ್ನು ರೋಗ ಊರಲ್ಲಿ ಹರಡಲು ತೊಡಗಿದ್ದಕ್ಕೆ, ಎರಡನೆಯದನ್ನು ಒಬ್ಬರ ಮೈಯಲ್ಲಿ ಕಾಣಿಸಿಕೊಂಡದ್ದಕ್ಕೆ ಬಳಸುತ್ತಾರೆ. ನೆಗಡಿ ಬರುವ ಹಾಗಿದೆ ಎನ್ನುವುದಕ್ಕೆ ‘ಐ ಥಿಂಕ್ ಐ ಆ್ಯಮ್ ಕಮಿಂಗ್ ಡೌನ್ ವಿತ್ ಎ ಕೋಲ್ಡ್’.

ಅಳು ನಗುಗಳದು ಬೇರೆಯೇ ಲೋಕ. ಕನ್ನಡದಲ್ಲಿ ‘ತೊಡಗು’ ಎಂಬುದನ್ನು ಕ್ರಿಯೆಯ ಬಾಲಕ್ಕೇ ಕಟ್ಟಿ ‘ಅಳತೊಡಗಿದಳು’, ‘ನಗತೊಡಗಿದ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಸ್ಟಾರ್ಟೆಡ್ ಕ್ರೈಯಿಂಗ್’ ಎನ್ನಬಹುದು, ತಪ್ಪಿಲ್ಲ. ಆದರೆ ಬಿಕ್ಕಿ ಬಿಕ್ಕಿ ಬಂದದ್ದಕ್ಕೆ ‘ಬರ್ಸ್ಟ್ ಇಂಟು ಟಿಯರ್ಸ್’ ಬೇಕು. ಅದನ್ನೇ ‘ಬರ್ಸ್ಟ್ ಔಟ್ ಕ್ರೈಯಿಂಗ್’ ಎಂದೂ ಹೇಳಬಹುದು. ಎರಡನ್ನೂ ಕಲಸಬೇಡಿ: ‘ಇಂಟು’ ಬಂದರೆ ನಾಮಪದ, ‘ಔಟ್’ ಬಂದರೆ ‘ಇಂಗ್’. ಥಟ್ಟನೆ ಹಾಡಿದರೆ, ಓಡಿದರೆ ‘ಬ್ರೇಕ್ ಇಂಟು ಸಾಂಗ್’, ‘ಬ್ರೇಕ್ ಇಂಟು ಎ ರನ್’. ಅಪರಿಚಿತರ ಜೊತೆ ಮಾತಿಗೆ ಶುರುವಿಟ್ಟರೆ ‘ಸ್ಟ್ರೈಕ್ ಅಪ್ ಎ ಕಾನ್ವರ್ಸೇಶನ್’, ಗೆಳೆತನಕ್ಕೂ ಅದೇ. ಮೊದಲ ಸಂಕೋಚ ಮುರಿಯುವುದಕ್ಕೆ ‘ಬ್ರೇಕ್ ದ ಐಸ್’. ಹೆಪ್ಪುಗಟ್ಟಿದ ನೀರನ್ನು ಒಡೆದು ದೋಣಿಗಳಿಗೆ ದಾರಿ ಮಾಡುತ್ತಿದ್ದದ್ದರಿಂದ ಬಂದ ಮಾತು.

ಹವ್ಯಾಸ ಹಿಡಿದರೆ ‘ಟೇಕ್ ಅಪ್’: ‘ಶಿ ಟುಕ್ ಅಪ್ ಪೇಂಟಿಂಗ್’. ಚಟಕ್ಕೆ ಬಿದ್ದರೆ ‘ಟೇಕ್ ಟು’: ‘ಹಿ ಟುಕ್ ಟು ಡ್ರಿಂಕ್’. ಮೈಗಳ್ಳತನ ಬಿಟ್ಟು ಕೆಲಸಕ್ಕೆ ಕೂತರೆ ‘ಗೆಟ್ ಡೌನ್ ಟು’. ಇದರ ‘ಟು’ ಮುಂದೆ ನಾಮಪದ ಅಥವಾ ‘ಇಂಗ್’ ಬರಬೇಕು, ‘ಗೆಟ್ ಡೌನ್ ಟು ಸ್ಟಡಿಯಿಂಗ್’. ಪ್ರಯಾಣಕ್ಕೆ ‘ಸೆಟ್ ಆಫ್’, ‘ಸೆಟ್ ಔಟ್’ ಎರಡೂ ಸಲ್ಲುತ್ತವೆ. ಗುರಿಯೊಂದನ್ನು ಮನಸ್ಸಿನಲ್ಲಿಟ್ಟು ಹೊರಟರೆ ‘ಸೆಟ್ ಔಟ್ ಟು’ ಮಾತ್ರ.

ನೀರಿನ ಮೇಲಿನಿಂದ ಬಂದ ಪದಗಳೂ ಇವೆ. ‘ಎಂಬಾರ್ಕ್’ ಎಂದರೆ ಮೂಲದಲ್ಲಿ ಹಡಗು ಹತ್ತುವುದು, ಈಗ ದೊಡ್ಡ, ದೀರ್ಘ ಕೆಲಸಕ್ಕೆ ಇಳಿಯುವುದು. ಈ ಅರ್ಥದಲ್ಲಿ ಅದರ ಜೊತೆ ‘ಆನ್’ ಇರಲೇಬೇಕು. ‘ಲಾಂಚ್’ ಭರ್ಜಿಯ ‘ಲ್ಯಾನ್ಸ್’ ಜೊತೆ ಹುಟ್ಟಿದ್ದು, ಎಸೆಯುವುದೇ ಅದರ ಮೊದಲ ಅರ್ಥ. ಹಡಗನ್ನು ನೀರಿಗೆ ಬಿಡುವುದಕ್ಕೆ ಬಂದು, ರಾಕೆಟ್ಟಿಗೆ ಹಾರಿ, ಈಗ ಮೊಬೈಲು, ಸೋಪು, ಚಳವಳಿ ಎಲ್ಲವೂ ‘ಲಾಂಚ್’ ಆಗುತ್ತವೆ. ಹಡಗಿನ ಮೊದಲ ಯಾನಕ್ಕೆ ‘ಮೇಡನ್ ವಾಯೇಜ್’ ಎನ್ನುತ್ತಾರೆ. 1912ರ ಏಪ್ರಿಲ್ 10ರಂದು ಸೌತಾಂಪ್ಟನ್‌ನಿಂದ ಹೊರಟ ಟೈಟಾನಿಕ್‌ಗೆ ಅದೇ ಮೊದಲು, ಅದೇ ಕೊನೆ. ಶಾಸನಸಭೆಯಲ್ಲಿ ಹೊಸ ಸದಸ್ಯರ ಮೊದಲ ಭಾಷಣವೂ ‘ಮೇಡನ್ ಸ್ಪೀಚ್’.

ಕಂಪ್ಯೂಟರನ್ನು ‘ಬೂಟ್’ ಮಾಡುತ್ತೇವೆ. ಬೂಟಿನ ಹಿಂಬದಿಯ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ತಮಾಷೆಯ ನುಡಿಗಟ್ಟಿನಿಂದ ಬಂದದ್ದು ಅದು. ತನ್ನನ್ನು ಚಾಲೂ ಮಾಡುವ ಪ್ರೋಗ್ರಾಮನ್ನು ಯಂತ್ರ ತಾನೇ ಹೊತ್ತು ತರಬೇಕಲ್ಲ, ಹೋಲಿಕೆ ಚೆನ್ನಾಗಿಯೇ ಕೂತಿದೆ.

ನಿಮ್ಮ ಜೊತೆಯವರ ‘ಕಿಕ್ ಆಫ್’ ಫುಟ್‌ಬಾಲಿನಿಂದ ಬಂದದ್ದು. ಸಭೆಗೆ, ಯೋಜನೆಗೆ ಹುರುಪಿನ ಪದ, ಗೆಳೆತನದ ಧಾಟಿಯಲ್ಲಿ ಒಪ್ಪುತ್ತದೆ. ಸಂತಾಪ ಸಭೆಗೆ ಬಳಸಬೇಡಿ. ಬ್ರಿಟಿಷರ ಆಡುಮಾತಿನಲ್ಲಿ ‘ಇಟ್ ಕಿಕ್ಡ್ ಆಫ್’ ಎಂದರೆ ಜಗಳ ಹತ್ತಿಕೊಂಡಿತು ಎಂಬ ಅರ್ಥವೂ ಇದೆ. ಓಟದ ಅಂಕಣ ಕೊಟ್ಟ ನುಡಿಗಟ್ಟುಗಳಂತೂ ಒಂದು ರಾಶಿ. ಇತರರಿಗಿಂತ ಮುಂದೆ ನಿಂತು ಓಡಿದರೆ ‘ಹೆಡ್ ಸ್ಟಾರ್ಟ್’. ನೆಲದ ಮೇಲೆ ಗೀರಿದ ಗೆರೆಯಿಂದಲೇ, ಯಾವ ರಿಯಾಯಿತಿಯೂ ಇಲ್ಲದೆ ಓಡಿದರೆ ‘ಸ್ಟಾರ್ಟ್ ಫ್ರಮ್ ಸ್ಕ್ರ್ಯಾಚ್’. ಏನೂ ಇಲ್ಲದಲ್ಲಿಂದ ಕಟ್ಟುವುದಕ್ಕೆ ಈಗ ಅದೇ ಮಾತು. ಪಿಸ್ತೂಲಿನ ಸದ್ದಿಗೆ ಮೊದಲೇ ನೆಗೆದರೆ ‘ಜಂಪ್ ದ ಗನ್’, ಆ ತಪ್ಪಿಗೆ ‘ಫಾಲ್ಸ್ ಸ್ಟಾರ್ಟ್’ ಎಂದು ಹೆಸರು. 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲಿನಲ್ಲಿ ಉಸೇನ್ ಬೋಲ್ಟ್ ಹೊರಬಿದ್ದದ್ದು ಇದರಿಂದಲೇ. ಯೋಜನೆಯೊಂದು ಶುರುವಾಗಿ ಕೂಡಲೇ ನಿಂತುಹೋದರೂ ‘ಫಾಲ್ಸ್ ಸ್ಟಾರ್ಟ್’ ಎನ್ನುತ್ತಾರೆ. ಮೊದಲ ಕ್ಷಣದಿಂದಲೇ ಎನ್ನುವುದಕ್ಕೆ ‘ಫ್ರಮ್ ದ ವರ್ಡ್ ಗೋ’.

ನಾಮಪದಗಳನ್ನು ಬೇಗ ಮುಗಿಸುತ್ತೇನೆ. ಭಾಷಣದ ಮೊದಲಿಗೆ, ವಾದದ ಮೊದಲಿಗೆ ‘ಅಟ್ ದ ಔಟ್‌ಸೆಟ್’. ಸಂಸ್ಥೆ ಹುಟ್ಟಿದಂದಿನಿಂದ ಎನ್ನುವುದಕ್ಕೆ ‘ಸಿನ್ಸ್ ಇಟ್ಸ್ ಇನ್‌ಸೆಪ್ಷನ್’. ‘ಅಟ್ ದ ಬಿಗಿನಿಂಗ್’ ಬಂದರೆ ಸಾಮಾನ್ಯವಾಗಿ ಹಿಂದೆಯೇ ‘ಆಫ್’ ಬರುತ್ತದೆ, ಪುಸ್ತಕದ ಮೊದಲಲ್ಲಿ, ವರ್ಷದ ಮೊದಲಲ್ಲಿ ಎಂಬಂತೆ. ‘ಇನ್ ದ ಬಿಗಿನಿಂಗ್’ ಒಂಟಿಯಾಗಿಯೂ ನಿಲ್ಲುತ್ತದೆ. 1611ರ ಇಂಗ್ಲಿಷ್ ಬೈಬಲ್ ತೆರೆದುಕೊಳ್ಳುವುದೇ ಆ ಮೂರು ಪದಗಳಿಂದ. ‘ಬಿಗಿನಿಂಗ್’ ಪದವನ್ನು ತಿರುಗಿಸಿ ಮುರುಗಿಸಿ ಆಡಿದವರಲ್ಲಿ ಚರ್ಚಿಲ್‌ಗೆ ಸಾಟಿಯಿಲ್ಲ. 1942ರ ನವೆಂಬರ್ 10ರಂದು, ಎರಡನೇ ಮಹಾಯುದ್ಧದಲ್ಲಿ ಈಜಿಪ್ಟಿನ ಎಲ್ ಅಲಮೈನ್‌ ಗೆಲುವಿನ ಬೆನ್ನಿಗೆ, ಇದು ಕೊನೆಯಲ್ಲ, ಕೊನೆಯ ಆರಂಭವೂ ಅಲ್ಲ, ಬಹುಶಃ ಆರಂಭದ ಕೊನೆ ಎಂದರು.

ಕೊನೆಯದಾಗಿ, ನಿಂತದ್ದನ್ನು ಮತ್ತೆ ಶುರುಮಾಡುವ ಬಗ್ಗೆ, ಏಕೆಂದರೆ ಕಚೇರಿಯ ಮೇಲುಗಳಲ್ಲಿ ಇದು ಪದೇ ಪದೇ ಬೇಕಾಗುತ್ತದೆ. ಬಿಟ್ಟಲ್ಲಿಂದ ಮುಂದುವರಿದರೆ ‘ರಿಸ್ಯೂಮ್’: ಊಟದ ಬಿಡುವಿನ ನಂತರ ಸಭೆ ‘ರಿಸ್ಯೂಮ್ಸ್’. ಮೊದಲಿನಿಂದ ಹೊಸದಾಗಿ ಮಾಡಿದರೆ ಬ್ರಿಟಿಷರು ‘ಸ್ಟಾರ್ಟ್ ಅಗೇನ್’ ಎನ್ನುತ್ತಾರೆ, ಅಮೆರಿಕನ್ನರು ‘ಸ್ಟಾರ್ಟ್ ಓವರ್’. ಯೋಜನೆ ಕೈಕೊಟ್ಟು ಮತ್ತೆ ಯೋಚಿಸಬೇಕಾಗಿ ಬಂದರೆ ‘ಬ್ಯಾಕ್ ಟು ದ ಡ್ರಾಯಿಂಗ್ ಬೋರ್ಡ್’. 1941ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ವ್ಯಂಗ್ಯಚಿತ್ರದಲ್ಲಿ, ಅಪ್ಪಳಿಸಿದ ವಿಮಾನದ ಕಡೆಗೆ ಎಲ್ಲರೂ ಓಡುತ್ತಿದ್ದರೆ ಅದರ ವಿನ್ಯಾಸಕಾರ ನಕ್ಷೆಯ ಸುರುಳಿ ಕಂಕುಳಲ್ಲಿಟ್ಟು ಹೊರಟೇಬಿಟ್ಟಿರುತ್ತಾನೆ, ಈ ಮಾತು ಹೇಳಿಕೊಂಡು. ಹಳೆಯ ಚಾಳಿ ಬಿಟ್ಟು ಬದಲಾಗುವುದು ‘ಟರ್ನ್ ಓವರ್ ಎ ನ್ಯೂ ಲೀಫ್’. ಇಲ್ಲಿ ‘ಲೀಫ್’ ಮರದ ಎಲೆಯಲ್ಲ, ಪುಸ್ತಕದ ಹಾಳೆ. ‘ರಿಸ್ಯೂಮ್’, ‘ರೀಸ್ಟಾರ್ಟ್’, ‘ರೀಓಪನ್’ ಇವುಗಳಲ್ಲಿ ‘ಮತ್ತೆ’ ಎಂಬುದು ಆಗಲೇ ಅಡಗಿದೆ, ಹಾಗಾಗಿ ಅವುಗಳ ಹಿಂದೆ ‘ಅಗೇನ್’ ಸೇರಿಸಬೇಡಿ.